ಹಳೆಯ ಪಿಕಪ್ ಗಾಡಿಗೆ ಹೊಂದುವ ಪಂಪನ್ನು ಹುಡುಕುವ ಬಗೆ

(ರೈತರ ಕೂಟದಲ್ಲಿ ಮಾಡಿದ ಭಾಷಣದ ಬರಹ)



ಬಿತ್ತನೆ, ಗೊಬ್ಬರ, ಔಷಧಿಗಳ ವಿಷಯವಾಗಿ ಈ ಕೂಟದಲ್ಲಿ ಹಲವು ಮಾತುಗಳನ್ನು ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಬೆಳೆದ ಮಾಲನ್ನು ಪೇಟೆಗೆ ಮುಟ್ಟಿಸುವ ಗಾಡಿಯ ವಿಷಯ. ಹದಿನೈದು, ಇಪ್ಪತ್ತು ವರ್ಷ ಕಂಡ ಡೀಸೆಲ್ ಪಿಕಪ್ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ದುಡಿಯುತ್ತಿವೆ. ಇಂಥ ಗಾಡಿಗೆ ಡೀಸೆಲ್ ಎಳೆಯುವ ಪಂಪು ಕೆಟ್ಟಿತೆಂದರೆ, ಅದಕ್ಕೆ ಹೊಂದುವ ಪಂಪನ್ನು ಹುಡುಕುವುದರಲ್ಲಿ ಹಣ ಕಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಲ ಕಳೆಯುತ್ತದೆ. ಕಾಲ ಕಳೆದರೆ ಮಾಲು ಕೆಡುತ್ತದೆ.

ಇದು ನನಗೇ ಆದ ಅನುಭವ. ಕೆಲವು ವರ್ಷಗಳ ಹಿಂದೆ ಟೊಮೇಟೊ ಹೇರಿಕೊಂಡು ರಾತ್ರಿ ಕೋಲಾರದ ಮಾರುಕಟ್ಟೆಗೆ ಹೊರಟಿದ್ದೆ. ಒಂದು ಏರಿನಲ್ಲಿ ಗಾಡಿ ಜಗ್ಗಿ ಜಗ್ಗಿ ನಿಂತುಬಿಟ್ಟಿತು. ಕೈಪಂಪು ಒತ್ತಿ ಗಾಳಿ ತೆಗೆದರೆ ಒಂದು ಮೈಲಿ ಓಡುವುದು, ಮತ್ತೆ ನಿಲ್ಲುವುದು. ಬೆಳಿಗ್ಗೆ ಹತ್ತಿರದ ಊರಿನ ಅಂಗಡಿಗೆ ಹೋಗಿ ಗಾಡಿಯ ಹೆಸರು ಹೇಳಿ ಹೊಸ ಫೀಡ್ ಪಂಪ್ ಕೊಂಡು ತಂದೆ. ಬೋಲ್ಟುಗಳೇನೋ ಕೂತವು, ಪೈಪಿನ ಥ್ರೆಡ್ ಕೂರಲಿಲ್ಲ. ಅವಸರದಲ್ಲಿ ಬಲವಂತವಾಗಿ ತಿರುಗಿಸಿ ಆ ಪೈಪನ್ನೂ ಹಾಳು ಮಾಡಿಕೊಂಡೆ. ಎರಡನೆಯ ದಿನ ಒಬ್ಬ ಹಿರಿಯ ಮೆಕ್ಯಾನಿಕ್ ಬಂದು, ನನ್ನ ಹಳೆಯ ಪಂಪನ್ನೇ ಮತ್ತೆ ಕೂರಿಸಿ, ಹೊಸ ಪೈಪು ಹಾಕಿ, ಡೀಸೆಲ್ ತುಂಬಿದ ಒಂದು ಕ್ಯಾನನ್ನು ಪಕ್ಕದಲ್ಲಿಟ್ಟು ಅದರಿಂದ ಎಳೆಯುವಂತೆ ಮಾಡಿದರು. ಎಂಜಿನ್ ಗಡಿಯಾರದಂತೆ ಓಡಿತು! ಕೆಟ್ಟದ್ದು ಪಂಪಲ್ಲ, ಟ್ಯಾಂಕಿನ ಬಳಿ ಬಿರುಕು ಬಿಟ್ಟಿದ್ದ ಒಂದು ಗೇಣು ರಬ್ಬರ್ ಕೊಳವೆ. ಅಷ್ಟು ಹೊತ್ತಿಗೆ ಕೆಳಗಿನ ಕ್ರೇಟುಗಳ ಹಣ್ಣು ನೀರಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ನನ್ನ ಕೆಲಸ.

ಆದುದರಿಂದ ನನ್ನ ಮಾತು ಎರಡೇ. ಪಂಪು ಕೆಟ್ಟಿರುವುದು ನಿಜವೇ ಎಂದು ಮೊದಲು ನೋಡಿರಿ. ಕೆಟ್ಟಿದ್ದರೆ ಗಾಡಿಯ ಹೆಸರು ಹಿಡಿದು ಹೊಸದನ್ನು ಕೊಳ್ಳಬೇಡಿರಿ. ಪಂಪಿನ ಮೈಮೇಲಿನ ನಂಬರನ್ನೂ ಎಂಜಿನ್ ನಂಬರನ್ನೂ ಹಿಡಿದು ಕೊಳ್ಳಿರಿ.

ಪಂಪು ಎಂದಾಗ ಯಾವ ಪಂಪು ಎಂಬುದು ತಿಳಿದಿರಬೇಕು. ಹಳೆಯ ಬಗೆಯ ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡು ಪಂಪುಗಳು ಇರುತ್ತವೆ. ತೋಟಕ್ಕೆ ನೀರು ಹಾಯಿಸುವುದನ್ನು ನೆನೆಯಿರಿ. ಬಾವಿಯಿಂದ ನೀರೆತ್ತುವವನು ಒಬ್ಬ, ಪಾತಿಪಾತಿಗೆ ಅಳೆದು ಬಿಡುವವನು ಇನ್ನೊಬ್ಬ. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ತಳ್ಳುವ ಚಿಕ್ಕದು ಫೀಡ್ ಪಂಪ್. ಫಿಲ್ಟರಿನಿಂದ ಬಂದ ಡೀಸೆಲನ್ನು ಅಳೆದು, ಭಾರಿ ಒತ್ತಡದಿಂದ, ಸರಿಯಾದ ಕ್ಷಣಕ್ಕೆ ಒಂದೊಂದು ನಾಜಲ್ಲಿಗೂ ಕಳುಹಿಸುವ ದೊಡ್ಡದನ್ನು ನಮ್ಮ ಮೆಕ್ಯಾನಿಕ್ಕುಗಳು ಡೀಸೆಲ್ ಪಂಪ್ ಎನ್ನುತ್ತಾರೆ. ಕೆಲವು ಗಾಡಿಗಳಲ್ಲಿ ಹೊರಗೆ ಬೇರೆ ಫೀಡ್ ಪಂಪ್ ಇರುವುದಿಲ್ಲ. ಎಳೆಯುವ ಕೆಲಸವನ್ನೂ ಡೀಸೆಲ್ ಪಂಪೇ ತನ್ನ ಹೊಟ್ಟೆಯೊಳಗಿನ ಚಿಕ್ಕ ಪಂಪಿನಿಂದ ಮಾಡಿಕೊಳ್ಳುತ್ತದೆ. ಎರಡರ ಬೆಲೆಗೂ ಅಜಗಜಾಂತರ. ಚಿಕ್ಕದು ಕೆಟ್ಟಿದ್ದಾಗ ದೊಡ್ಡದನ್ನು ಬಿಚ್ಚಿಸಿದರೆ ಆಗುವ ನಷ್ಟವನ್ನು ನೀವೇ ಊಹಿಸಿಕೊಳ್ಳಬಹುದು.

ಇನ್ನು ಪರೀಕ್ಷೆಯ ವಿಷಯ. ಬೀಡಿ, ಬೆಂಕಿಯನ್ನು ದೂರವಿಟ್ಟು ಈ ಕ್ರಮದಲ್ಲಿ ನೋಡಿರಿ.

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ತೆಗೆಯುವಾಗ ಗಾಳಿ ಒಳಗೆ ನುಗ್ಗುವ ಸದ್ದಾಗಿ, ಆಮೇಲೆ ಗಾಡಿ ಸರಿಯಾಗಿ ಓಡಿದರೆ, ಟ್ಯಾಂಕಿಗೆ ಗಾಳಿಯಾಡುವ ದಾರಿ ಕಟ್ಟಿದೆ ಎಂದರ್ಥ. ಅದನ್ನು ಬಿಡಿಸಿದರೆ ಸಾಕು.

ಎರಡನೆಯದಾಗಿ, ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರು, ಕೆಸರು ಇದೆಯೇ ನೋಡಿರಿ. ಬಾಯಿ ತೆರೆದ ಕ್ಯಾನಿನಲ್ಲಿ ಡೀಸೆಲ್ ಇಡುವ ಮನೆಗಳಲ್ಲಿ ಮಳೆಗಾಲದಲ್ಲಿ ನೀರು ಸೇರುವುದು ಸುಲಭ. ಫಿಲ್ಟರು ಕಟ್ಟಿದ್ದರೂ ಪಂಪು ಸೋತಂತೆಯೇ ಕಾಣುತ್ತದೆ.

ಮೂರನೆಯದು ಕ್ಯಾನಿನ ಪರೀಕ್ಷೆ. ಟ್ಯಾಂಕಿನಿಂದ ಬರುವ ಕೊಳವೆಯನ್ನು ಫೀಡ್ ಪಂಪಿನಿಂದ ಕಳಚಿ, ಬೇರೆ ಒಳ್ಳೆಯ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಶುದ್ಧ ಡೀಸೆಲ್ ಇರುವ ಕ್ಯಾನಿನಲ್ಲಿ ಮುಳುಗಿಸಿರಿ. ಗಾಳಿ ತೆಗೆದು ಎಂಜಿನ್ ಓಡಿಸಿರಿ. ಚೆನ್ನಾಗಿ ಓಡಿದರೆ ಪಂಪು ನಿರಪರಾಧಿ. ದೋಷ ಟ್ಯಾಂಕಿನ ಜಾಲರಿಯಲ್ಲೋ ಕೊಳವೆಯಲ್ಲೋ ಇದೆ. ಒಂದು ಮಾತು ನೆನಪಿರಲಿ. ಟ್ಯಾಂಕಿಗೂ ಪಂಪಿಗೂ ನಡುವಿನ ಕೊಳವೆ ಬಿರಿದರೆ ಡೀಸೆಲ್ ಹೊರಗೆ ಸೋರುವುದು ಕಡಿಮೆ, ಗಾಳಿ ಒಳಕ್ಕೆ ಎಳೆಯುವುದು ಹೆಚ್ಚು. ಒಣಗಿರುವ ಕೊಳವೆ ನೋಡಿ ಸರಿಯಾಗಿದೆಯೆಂದು ನಾನು ಮೋಸಹೋದದ್ದು ಹೀಗೆಯೇ.

ನಾಲ್ಕನೆಯದಾಗಿ, ಕ್ಯಾನಿನಿಂದಲೂ ಓಡದಿದ್ದರೆ, ಫೀಡ್ ಪಂಪಿನಿಂದ ಫಿಲ್ಟರಿಗೆ ಹೋಗುವ ಪೈಪನ್ನು ಬಿಚ್ಚಿ ಒಂದು ಸೀಸೆಯೊಳಕ್ಕೆ ಬಿಟ್ಟು ಸೆಲ್ಫ್ ಹೊಡೆಸಿರಿ. ಡೀಸೆಲ್ ಗುಳ್ಳೆಯಿಲ್ಲದೆ, ಬಿಟ್ಟು ಬಿಟ್ಟು ಜೋರಾಗಿ ಚಿಮ್ಮಬೇಕು. ತೊಟ್ಟಿಕ್ಕಿದರೆ ಫೀಡ್ ಪಂಪ್ ಸೋತಿದೆ. ಚೆನ್ನಾಗಿ ಚಿಮ್ಮಿಯೂ, ಫಿಲ್ಟರು ಸರಿಯಿದ್ದೂ ಎಂಜಿನ್ ಎಳೆಯದಿದ್ದರೆ ಆಗ ನಾಜಲ್ಲುಗಳನ್ನೂ ಡೀಸೆಲ್ ಪಂಪನ್ನೂ ಅನುಮಾನಿಸಬೇಕು.

ಕೆಲವು ಡೀಸೆಲ್ ಪಂಪುಗಳ ತಲೆಯ ಮೇಲೆ ವಿದ್ಯುತ್ತಿನಿಂದ ತೆರೆಯುವ ಒಂದು ಚಿಕ್ಕ ಕವಾಟ ಇರುತ್ತದೆ. ಬೀಗ ತಿರುಗಿಸಿದಾಗ ಅದು ‘ಟಕ್’ ಎನ್ನಬೇಕು. ಎನ್ನದಿದ್ದರೆ ಅದರ ತಂತಿ ಸಡಿಲವಾಗಿದೆಯೇ ನೋಡಿರಿ. ಒಂದು ತಂತಿಯ ತಪ್ಪಿಗೆ ಇಡೀ ಪಂಪನ್ನು ಬದಲಾಯಿಸುವುದು ಬೇಡ.

ಇನ್ನೊಂದು ಅಪಾಯದ ಗುರುತು ಇದೆ. ಎಂಜಿನ್ ಮೈಗೇ ಕೂತು ತೆಳುಪೊರೆಯಿಂದ ಎಳೆಯುವ ಫೀಡ್ ಪಂಪುಗಳಲ್ಲಿ ಆ ಪೊರೆ ಹರಿದರೆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಅಳತೆಯ ಕಡ್ಡಿ ಎಳೆದು ನೋಡಿರಿ. ಆಯಿಲ್ ತಾನಾಗಿ ಏರಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆದರೆ ಗಾಡಿಯನ್ನು ಒಂದು ಮಾರೂ ಓಡಿಸಬೇಡಿರಿ. ಬೇರಿಂಗುಗಳು ಹಾಳಾದರೆ ಪಂಪಿನ ಬೆಲೆಯ ಹತ್ತರಷ್ಟು ತೆರಬೇಕಾದೀತು. ಪಂಪಿನ ಜೊತೆಗೆ ಆಯಿಲನ್ನೂ ಬದಲಾಯಿಸಲೇಬೇಕು.

ಪರೀಕ್ಷೆಯಾಗಿ, ಪಂಪೇ ಕೆಟ್ಟಿದೆಯೆಂದು ತಿಳಿಯಿತೆನ್ನಿ. ಈಗ ಹುಡುಕುವ ಕೆಲಸ.

ಗಾಡಿಯ ಹೆಸರು ಸಾಲದು ಎಂದು ಏಕೆ ಹೇಳಿದೆ? ಒಂದೇ ಹೆಸರಿನ ಪಿಕಪ್ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್ ಹೊತ್ತು ಬಂದಿದೆ. ಬೊಲೆರೊ ಪಿಕಪ್ಪನ್ನೇ ನೋಡಿರಿ. ಹಳೆಯವು ಡಿಐ ಎಂಜಿನ್ನಿನವು, ಆಮೇಲೆ ಬಂದವು ಸಿಆರ್‌ಡಿಇ ಎಂಜಿನ್ನಿನವು. ಹೆಸರು ಒಂದೇ, ಪಂಪು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ್ದು. ಇದಲ್ಲದೆ ಹಳೆಯ ಗಾಡಿ ಎರಡು ಮೂರು ಕೈ ದಾಟಿ ಬಂದಿದ್ದರೆ ಎಂಜಿನ್ನೇ ಬದಲಾಗಿರಬಹುದು. ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ನಂಬರು, ತಯಾರಾದ ತಿಂಗಳು, ವರ್ಷ ಬರೆದುಕೊಳ್ಳಿರಿ. ಎಂಜಿನ್ ಮೈಮೇಲೆ ಕೊರೆದಿರುವ ನಂಬರನ್ನೂ ಒರೆಸಿ ನೋಡಿ, ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪಂಪಿನ ಮೈಮೇಲಿನ ಚಿಕ್ಕ ತಗಡು. ಎಣ್ಣೆಯ ಜಿಡ್ಡಿನಲ್ಲಿ ಅದು ಮುಚ್ಚಿಹೋಗಿರುತ್ತದೆ. ಬಟ್ಟೆಗೆ ಡೀಸೆಲ್ ಹಚ್ಚಿ ಒರೆಸಿರಿ. ಚಾಣದಿಂದ ಕೆರೆಯಬೇಡಿರಿ, ಅಕ್ಷರ ಅಳಿಸಿಹೋಗುತ್ತದೆ. ಹಲವು ಹಳೆಯ ಗಾಡಿಗಳ ತಗಡಿನ ಮೇಲೆ ಮೈಕೊ ಎಂಬ ಹೆಸರಿರುತ್ತದೆ. ಇದು 1951ರಲ್ಲಿ ಹುಟ್ಟಿದ, ನಮ್ಮ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಗುರುತು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆದುದರಿಂದ ಹಳೆಯ ತಗಡಿನಲ್ಲಿ ಮೈಕೊ ಎಂದೂ ಹೊಸ ಪೆಟ್ಟಿಗೆಯ ಮೇಲೆ ಬಾಷ್ ಎಂದೂ ಇದ್ದರೆ ಗಾಬರಿಯಾಗಬೇಕಾಗಿಲ್ಲ. ನಂಬರು ಹೊಂದುತ್ತದೆಯೇ ಎಂಬುದನ್ನು ಮಾತ್ರ ನೋಡಿರಿ.

ತಗಡಿನ ಅಕ್ಷರಗಳಿಗೆ ಅರ್ಥವಿದೆ. ಉದಾಹರಣೆಗೆ, ಸಾಲುಪಂಪಿನ ತಗಡು ‘ಪಿಇಎಸ್ 4ಎ 90’ ಎಂದು ಆರಂಭವಾದರೆ 4 ಎಂಬುದು ಸಿಲಿಂಡರುಗಳ ಸಂಖ್ಯೆ. 90 ಎಂದರೆ ಒಳಗಿನ ಪ್ಲಂಜರಿನ ದಪ್ಪ 9 ಮಿಲಿಮೀಟರ್. ದುಂಡುಪಂಪಿನ ಮೇಲೆ ‘ವಿಇ 4/10’ ಎಂದಿದ್ದರೆ ನಾಲ್ಕು ಸಿಲಿಂಡರು, 10 ಮಿಲಿಮೀಟರ್ ಪ್ಲಂಜರು. ಮುಂದೆ ಬರುವ ‘ಆರ್’ ಅಥವಾ ‘ಎಲ್’ ಪಂಪು ಬಲಕ್ಕೆ ತಿರುಗುವುದೋ ಎಡಕ್ಕೆ ತಿರುಗುವುದೋ ಎಂಬುದನ್ನು ತಿಳಿಸುತ್ತದೆ. ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಏನು ಮಹಾ ಎನ್ನಬೇಡಿರಿ. 9ರ ಬದಲು 10 ಮಿಲಿಮೀಟರ್ ಪ್ಲಂಜರು ಬಂದರೆ ಅಷ್ಟೇ ಎತ್ತಕ್ಕೆ ಕಾಲು ಪಾಲಿನಷ್ಟು ಡೀಸೆಲ್ ಹೆಚ್ಚು ತಳ್ಳುತ್ತದೆ. ಬೋಲ್ಟುಗಳು ಕೂರುತ್ತವೆ, ಗಾಡಿ ಸ್ಟಾರ್ಟೂ ಆಗುತ್ತದೆ. ಆಮೇಲೆ ಕರಿಹೊಗೆ, ಕಾವು, ಡೀಸೆಲ್ ಖರ್ಚು, ಕೊನೆಗೆ ಪಿಸ್ಟನ್ನಿಗೇ ಸಂಚಕಾರ.

ಫೀಡ್ ಪಂಪ್ ಕೊಳ್ಳುವಾಗ ಹಳೆಯದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೇ ಹೋಗಿರಿ. ಅಂಗಡಿಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಬೋಲ್ಟಿನ ತೂತುಗಳು ಎಷ್ಟು, ಅವುಗಳ ನಡುವಿನ ಅಂತರ ಎಷ್ಟು? ಸನ್ನೆ ಇರುವ ಪಂಪಾದರೆ ಅದರ ಉದ್ದ, ಬಾಗು ಒಂದೇ ಇದೆಯೇ? ಡೀಸೆಲ್ ಒಳಗೆ ಬರುವ ಬಾಯಿ, ಹೊರಗೆ ಹೋಗುವ ಬಾಯಿ ಅದೇ ಕಡೆಗಿವೆಯೇ? ಹಳೆಯ ಪೈಪಿನ ಬೋಲ್ಟು ಹೊಸ ಪಂಪಿನ ಬಾಯಿಗೆ ಬರಿಯ ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಇಳಿಯುತ್ತದೆಯೇ? ಇಳಿಯದಿದ್ದರೆ ಥ್ರೆಡ್ ಬೇರೆ, ಅದನ್ನು ಬಿಟ್ಟುಬಿಡಿ. ನಡುವಿನ ಪ್ಯಾಕಿಂಗಿನ ದಪ್ಪವೂ ಮುಖ್ಯ. ತೆಳ್ಳಗಾದರೆ ಸನ್ನೆ ಒಳಗೆ ಅತಿಯಾಗಿ ಒತ್ತಿ ಮುರಿಯಬಹುದು. ದಪ್ಪವಾದರೆ ಎಳೆತ ಸಾಲದಾಗುತ್ತದೆ.

ಪೇಟೆಗೆ ಓಡಾಡುವ ಮುನ್ನ ಪಂಪು, ಅದರ ತಗಡು, ಎಂಜಿನ್ ನಂಬರುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ನಾಲ್ಕಾರು ಅಂಗಡಿಗಳಿಗೆ ಕಳುಹಿಸಿ ವಿಚಾರಿಸಬಹುದು. ತಾಲ್ಲೂಕಿನಲ್ಲಿ ಸಿಗದ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ಸಿಕ್ಕೀತು. ಬಿಲ್ಲಿನಲ್ಲಿ ಪಂಪಿನ ನಂಬರು ಬರೆಸಿಕೊಳ್ಳಿರಿ. ಹೊಂದದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವ ಮಾತನ್ನೂ ಮೊದಲೇ ಆಡಿಕೊಳ್ಳಿರಿ. ಪೆಟ್ಟಿಗೆಯ ಮೇಲಿನ ನಂಬರೂ ಪಂಪಿನ ಮೇಲಿನ ನಂಬರೂ ಒಂದೇ ಆಗಿರಬೇಕು. ಗುಜರಿಯಲ್ಲಿ ಹಳೆಯ ಪಂಪು ಅಗ್ಗಕ್ಕೆ ಸಿಗುತ್ತದೆ, ನಿಜ. ಪರೀಕ್ಷಿಸದೆ ಕೊಂಡರೆ ಅಗ್ಗವೆಂದು ಮುಗ್ಗಲು ಜೋಳ ತಂದಂತೆಯೇ ಸರಿ.

ದೊಡ್ಡ ಡೀಸೆಲ್ ಪಂಪು ಕೆಟ್ಟಿದ್ದರೆ ಹೊಸದನ್ನೇ ಹುಡುಕಬೇಕೆಂದಿಲ್ಲ. ಅನೇಕ ವೇಳೆ ಸವೆದ ಭಾಗಗಳನ್ನು ಮಾತ್ರ ಬದಲಾಯಿಸಿ ಹಳೆಯದನ್ನೇ ಉಳಿಸಿಕೊಳ್ಳಬಹುದು. ಪಂಪನ್ನು ಬೆಂಚಿನ ಮೇಲೆ ಓಡಿಸಿ ಅಳೆದು ಸರಿಪಡಿಸುವ ಅಂಗಡಿಗೇ ಒಯ್ಯಿರಿ. ನಿಮ್ಮ ಎಂಜಿನ್ನಿಗೆ ಸೇರಿದ ಅಳತೆಯ ಪಟ್ಟಿಯಂತೆ ನಾಲ್ಕೂ ಬಾಯಿಗಳಿಂದ ಸಮನಾಗಿ ಡೀಸೆಲ್ ಬೀಳುವುದನ್ನು ಕಣ್ಣಾರೆ ನೋಡಿ ತನ್ನಿರಿ. ಅದನ್ನು ಬಿಚ್ಚುವ ಮುನ್ನ ಗುರುತು ಹಾಕಿಸಿರಿ; ಕೂರಿಸುವಾಗ ಟೈಮಿಂಗ್ ಬಲ್ಲವರಿಂದಲೇ ಕೂರಿಸಿರಿ.

ಹೊಸ ಪಂಪು ಕೂರಿಸುವಾಗ ತಾಮ್ರದ ವಾಶರುಗಳನ್ನೂ ಫಿಲ್ಟರನ್ನೂ ಹೊಸದಾಗಿ ಹಾಕಿರಿ. ಟ್ಯಾಂಕಿನ ತಳದ ಕೆಸರನ್ನು ತೊಳೆಯಿರಿ. ಹಳೆಯ ಪಂಪನ್ನು ಕೆಡಿಸಿದ ಕಸ ಹೊಸದನ್ನು ಬಿಟ್ಟೀತೇ? ಅನಂತರ ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಬಿಗಿಯಿರಿ. ಆಮೇಲೆ ಡೀಸೆಲ್ ಪಂಪಿನ ತಿರುಪಿನಲ್ಲಿಯೂ ಹೀಗೆಯೇ ಮಾಡಿರಿ.

ಎಚ್ಚರಿಕೆಯ ಮಾತೊಂದು ಉಳಿದಿದೆ. ನಾಜಲ್ಲಿನಿಂದ ಚಿಮ್ಮುವ ಡೀಸೆಲಿನ ಮುಂದೆ ಕೈ ಒಡ್ಡಬೇಡಿರಿ. ಅದು ಚರ್ಮ ಸೀಳಿ ಒಳಗೆ ಇಳಿಯುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಿಆರ್‌ಡಿಇ ಎಂಜಿನ್ನುಗಳಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ನಾನು ಹೇಳಿದ ಪರೀಕ್ಷೆಗಳು ಅವಕ್ಕಲ್ಲ. ಅವುಗಳ ಪೈಪನ್ನು ದಾರಿಬದಿಯಲ್ಲಿ ಬಿಚ್ಚಲೇಬಾರದು.

ಬಂಧುಗಳೆ, ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಪಂಪಿನ ತಗಡನ್ನು ಒರೆಸಿ, ಅದರಲ್ಲಿರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಆರ್.ಸಿ. ಪುಸ್ತಕದ ಜೊತೆ ಇಡಿರಿ. ಕೊಳವೆಗಳನ್ನು ಬೆರಳಿನಿಂದ ಬಗ್ಗಿಸಿ ಬಿರುಕು ನೋಡಿರಿ. ಒಂದು ಗೇಣು ಕೊಳವೆ, ಎರಡು ಕ್ಲಿಪ್ಪು, ನಾಲ್ಕು ತಾಮ್ರದ ವಾಶರುಗಳನ್ನು ಸೀಟಿನ ಕೆಳಗೆ ಇಟ್ಟುಕೊಳ್ಳಿರಿ. ನನ್ನ ಬಳಿ ಆ ರಾತ್ರಿ ಅಷ್ಟು ಇದ್ದಿದ್ದರೆ, ಬೆಳಕು ಹರಿಯುವ ಮುನ್ನ ನನ್ನ ಟೊಮೇಟೊ ಮಾರುಕಟ್ಟೆಯಲ್ಲಿ ಇರುತ್ತಿತ್ತು.