ಮಳೆ ನಕ್ಷತ್ರಗಳನ್ನು ಕಣ್ಣಾರೆ ನೋಡೋಣ



ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಸಿರಿಗೆರೆ ಸೀಮೆಯ ರೈತರು ಈ ಮಳೆಗಳ ಹೆಸರನ್ನು ನಿದ್ದೆಗಣ್ಣಲ್ಲೂ ತಪ್ಪದೆ ಹೇಳುತ್ತಾರೆ. ಆದರೆ ಆ ಹೆಸರಿನ ನಕ್ಷತ್ರಗಳನ್ನು ಗುರುತಿಸುವವರು ಕಡಿಮೆ. ಅದಕ್ಕೊಂದು ಕಾರಣವಿದೆ. ಮಘೆ ಮಳೆ ಎಂದರೆ ಸೂರ್ಯ ಮಘಾ ನಕ್ಷತ್ರದ ದಿಕ್ಕಿನಲ್ಲಿರುವ ಹದಿಮೂರು ಹದಿನಾಲ್ಕು ದಿನ. ಆಗಸ್ಟ್ 17ರ ಆಸುಪಾಸಿನಿಂದ ತಿಂಗಳ ಕೊನೆಯವರೆಗೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮೋಡ ಸರಿದರೂ ಕಾಣುವುದಿಲ್ಲ.

ಕಾಣಬೇಕಾದರೆ ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಸೂರ್ಯ ಆಕಾಶದ ಆಚೆ ಬದಿಗೆ ಸರಿದಿರುತ್ತಾನೆ. ಹುಣ್ಣಿಮೆಯ ಚಂದ್ರ ಸದಾ ಸೂರ್ಯನಿಗೆ ಎದುರಾಗಿರುವುದರಿಂದ, ಮಾಘ ಮಾಸದ ಹುಣ್ಣಿಮೆಯಂದು ಸಂಜೆ ಅವನು ಮಘೆಯ ಆಸುಪಾಸಿನಲ್ಲಿ ಮೂಡುತ್ತಾನೆ. ನಮಗೆ ಅದು ತರಳಬಾಳು ಹುಣ್ಣಿಮೆ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು 1950ರಲ್ಲಿ ಜಗಳೂರಿನಲ್ಲಿ ಆರಂಭಿಸಿದ ಈ ಉತ್ಸವ ಬೇರೆ ಬೇರೆ ಊರುಗಳಲ್ಲಿ ಒಂಬತ್ತು ದಿನ ನಡೆಯುತ್ತ ಬಂದಿದೆ.

ಈ ಒಂಬತ್ತು ರಾತ್ರಿಗಳೇ ಆಕಾಶ ಕಲಿಯಲು ಅತ್ಯುತ್ತಮ ಪಾಠಶಾಲೆ ಎಂದು ನನ್ನ ನಂಬಿಕೆ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿ. ಅದಕ್ಕಿಂತ ತುಸು ಹೆಚ್ಚು. ಉತ್ಸವದ ಮೊದಲ ದಿನಗಳಲ್ಲಿ ಅವನು ಕೃತ್ತಿಕೆಯ ಚುಕ್ಕಿಗೊಂಚಲಿನ ಬಳಿ ಇರುತ್ತಾನೆ, ಮರುದಿನ ಕೆಂಪಾದ ರೋಹಿಣಿಯ ಹತ್ತಿರ. ಹೀಗೆ ದಿನಕ್ಕೊಂದು ಮಳೆ ನಕ್ಷತ್ರ ದಾಟುತ್ತ ಹುಣ್ಣಿಮೆಗೆ ಮಘೆಯನ್ನು ಮುಟ್ಟುತ್ತಾನೆ. ಕಾರ್ಯಕ್ರಮ ಮುಗಿಸಿ ಹೊರಟವರು ಒಂದು ಕ್ಷಣ ನಿಂತು ತಲೆ ಎತ್ತಿದರೆ ಸಾಕು. ಒಂದೆರಡು ದಿನದ ಹೆಚ್ಚುಕಡಿಮೆ ವರ್ಷದಿಂದ ವರ್ಷಕ್ಕೆ ಇದ್ದೇ ಇರುತ್ತದೆ. ಗ್ರಹಗಳು ಸಾಗುವುದೂ ಈ ಹಾದಿಯ ಅಕ್ಕಪಕ್ಕದಲ್ಲೇ; ಮಿನುಗದೆ ನಿಶ್ಚಲವಾಗಿ ಹೊಳೆಯುವ ಚುಕ್ಕಿ ಈ ಸಾಲಿನಲ್ಲಿ ಕಂಡರೆ ಅದು ಬಹುಮಟ್ಟಿಗೆ ಗ್ರಹವೇ.

ಬೆಳದಿಂಗಳಲ್ಲಿ ಸಣ್ಣ ಚುಕ್ಕಿಗಳು ಅಡಗಿಬಿಡುತ್ತವೆ. ಅವುಗಳಿಗೆ ತಕ್ಕ ರಾತ್ರಿ ಎರಡು ವಾರದ ನಂತರ ಬರುವ ಶಿವರಾತ್ರಿ. ಅಂದು ಚಂದ್ರ ಹುಟ್ಟುವುದು ಬೆಳಗಿನ ಜಾವಕ್ಕೆ, ಹೇಗೂ ಜಾಗರಣೆ. ಸಂಜೆ ಎಂಟರ ಹೊತ್ತಿಗೆ ನೆತ್ತಿಯಿಂದ ತುಸು ದಕ್ಷಿಣಕ್ಕೆ ಮೂರು ಚುಕ್ಕಿಗಳ ನೇರ ಸಾಲು ಕಾಣುತ್ತದೆ. ಅದರ ಉತ್ತರಕ್ಕಿರುವ ಕೆಂಪು ಚುಕ್ಕಿ ಆರಿದ್ರ. ಸಾಲನ್ನೇ ಆಗ್ನೇಯಕ್ಕೆ ಬೆಳೆಸಿದರೆ ರಾತ್ರಿಯ ನಕ್ಷತ್ರಗಳಲ್ಲೆಲ್ಲ ಪ್ರಖರವಾದ ಲುಬ್ಧಕ ಸಿಗುತ್ತದೆ, ಇನ್ನೂ ಕೆಳಗೆ ದಕ್ಷಿಣದಲ್ಲಿ ಅಗಸ್ತ್ಯ. ನಡುರಾತ್ರಿಯ ಹೊತ್ತಿಗೆ ಕುಡುಗೋಲಿನಂತೆ ಬಾಗಿದ ಚುಕ್ಕಿಗಳ ಹಿಡಿಯಲ್ಲಿ ಮಘೆ ನಿಂತಿರುತ್ತದೆ; ಸಿರಿಗೆರೆಯ ಅಕ್ಷಾಂಶದಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ. ಮಲಗದೆ ಉಳಿದವರಿಗೆ ಚಿತ್ತೆ, ಸ್ವಾತಿ, ಬೆಳಗಾಗುವ ಮುನ್ನ ದಕ್ಷಿಣದಲ್ಲಿ ಕೆಂಪು ಜ್ಯೇಷ್ಠೆಯೂ ಕಾಣುತ್ತವೆ.