ಕಂಪವಾತ ಮತ್ತು ಸೈಕಲ್ಲು

ಕಂಪವಾತವೆಂದರೆ ಕೈನಡುಕವಷ್ಟೇ ಎಂದು ತಿಳಿದವರೇ ಹೆಚ್ಚು. ನನ್ನನ್ನು ಕಾಡುವುದು ನಡುಕಕ್ಕಿಂತ ಕಾಲಿನ ಮುಷ್ಕರ. ತಣಿಸಂದ್ರದ ನಮ್ಮ ಮನೆಯ ಹೊಸ್ತಿಲ ಬಳಿ ಬಂದೊಡನೆ ಪಾದಗಳು ನೆಲಕ್ಕೆ ಅಂಟಿಕೊಂಡುಬಿಡುತ್ತವೆ. ಮನಸ್ಸಿಗೂ ಕಾಲಿಗೂ ಮಾತು ಬಿಟ್ಟಂತೆ. ಆದರೆ ಅದೇ ಕಾಲು ಸೈಕಲ್ಲಿನ ಪೆಡಲನ್ನು ಮುಟ್ಟಿದರೆ ತಡವರಿಸದು!

ಕೇಳುಗರೇ, ಇದು ನನ್ನೊಬ್ಬಳ ಸೋಜಿಗವಲ್ಲ. 2010ರಲ್ಲಿ ನೆದರ್‌ಲೆಂಡ್ಸಿನ ವೈದ್ಯರಾದ ಸ್ನೈಡರ್ಸ್ ಮತ್ತು ಬ್ಲೂಮ್ ಅವರು 58 ವರ್ಷದ ರೋಗಿಯೊಬ್ಬರ ವೃತ್ತಾಂತವನ್ನು ಪ್ರಕಟಿಸಿದರು. 10 ವರ್ಷಗಳಿಂದ ಈ ರೋಗವಿದ್ದ ಆತ ಕೆಲವೇ ಹೆಜ್ಜೆಯಿಟ್ಟು ಬೀಳುವಂತಿದ್ದರೂ ಸೈಕಲ್ಲನ್ನು ಸರಾಗವಾಗಿ ತುಳಿಯುತ್ತಿದ್ದರು. ಇಳಿದೊಡನೆ ಕಾಲು ಮತ್ತೆ ಕಟ್ಟಿಹೋಗುತ್ತಿತ್ತು. ತಿರುಗುವ ಪೆಡಲೇ ಕಾಲಿಗೆ ತಾಳ ಹಾಕಿಕೊಡುತ್ತಿರಬಹುದೆಂಬುದು ಅವರ ಊಹೆ.

ಇದು ರೋಗವನ್ನು ಕಳೆಯುವ ಮದ್ದಲ್ಲ. ಸಮತೋಲ ತಪ್ಪುವವರಿಗೆ ಅಪಾಯವೂ ಉಂಟು. ಅದಕ್ಕೇ ವೈದ್ಯರನ್ನು ಕೇಳಿ ಮೂರು ಗಾಲಿಯದನ್ನು ಕೊಂಡೆ. ‘ಈ ವಯಸ್ಸಿನಲ್ಲಿ ಸೈಕಲ್ಲೇನಮ್ಮ?’ ಎಂದ ಮಗ. ಅವನ ಅಂಜಿಕೆ ನ್ಯಾಯವೇ; ಕೈಹಿಡಿದು ನಡೆಸುವವರಿಗಾಗಿ ಕಾಯುವ ದಿನ ಎಷ್ಟು ಉದ್ದವೆಂಬುದು ಮಾತ್ರ ಅವನಿಗೆ ತಿಳಿಯದು.

ವಾಹನಗಳ ಗದ್ದಲ ಏಳುವ ಮುನ್ನ ರಾಚೇನಹಳ್ಳಿ ಕೆರೆಯವರೆಗೆ ಒಬ್ಬಳೇ ಹೋಗುತ್ತೇನೆ. ದಡದಲ್ಲಿ ಇಳಿಯುವುದಿಲ್ಲ. ಸೀಟಿನ ಮೇಲಿಂದಲೇ ನೀರನ್ನೂ ನೀರಹಕ್ಕಿಗಳನ್ನೂ ನೋಡುತ್ತೇನೆ, ನನಗೆ ಸಾಕೆನಿಸುವವರೆಗೆ.