ಇವತ್ತಿನ ಮನ್ನಾ



ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ, ಜೊತೆಗೆ ಬಿಟ್ಟಿ ಸಿಗುತ್ತಿದ್ದ ಮೀನು. ಬೈಬಲಿನ ಅರಣ್ಯಕಾಂಡದ 11ನೇ ಅಧ್ಯಾಯದಲ್ಲಿ ಈ ಪಟ್ಟಿ ಬರುತ್ತದೆ. ತಮ್ಮ ನಾಯಕ ಮೋಶೆಯ ಹಿಂದೆ ಮರುಭೂಮಿಯಲ್ಲಿ ನಡೆಯುತ್ತಿದ್ದ ಇಸ್ರಾಯೇಲ್ಯರು, ಬಿಟ್ಟುಬಂದ ಐಗುಪ್ತದ, ಅಂದರೆ ಈಜಿಪ್ಟಿನ, ಈ ಊಟವನ್ನು ನೆನೆನೆನೆದು ಗುಡಾರದ ಬಾಗಿಲಲ್ಲಿ ಕೂತು ಅತ್ತರು.

ಆ ಐಗುಪ್ತದಲ್ಲಿ ಅವರು ಗುಲಾಮರಾಗಿದ್ದವರು. ಇಟ್ಟಿಗೆಗೆ ಬೇಕಾದ ಹುಲ್ಲನ್ನು ನೀವೇ ಹುಡುಕಿ ತನ್ನಿ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಮ್ಮಿಯಾಗಕೂಡದು ಎಂದು ಅಲ್ಲಿನ ರಾಜ ಫರೋಹ ಕಟ್ಟಪ್ಪಣೆ ಮಾಡಿದ್ದ. ಹುಟ್ಟಿದ ಗಂಡುಕೂಸುಗಳನ್ನು ನೈಲ್ ನದಿಗೆ ಎಸೆಯಬೇಕೆಂಬ ಆಜ್ಞೆ ಹೊರಟದ್ದೂ ಅದೇ ನೆಲದಲ್ಲಿ. ಅದೊಂದೂ ಅವತ್ತು ಅವರ ಬಾಯಲ್ಲಿ ಬರಲಿಲ್ಲ.

ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಹೊಸದರ ಅಂಜಿಕೆ ಎಲ್ಲರಲ್ಲೂ ಹೀಗೇ ಕೆಲಸ ಮಾಡುತ್ತದೆ. ನಾಳೆಯನ್ನು ಭಯಂಕರ ಮಾಡಿ ತೋರಿಸುತ್ತದೆ, ನಿನ್ನೆಯನ್ನು ಇದ್ದದ್ದಕ್ಕಿಂತ ಸೊಗಸು ಮಾಡುತ್ತದೆ. ವರ್ಗಾವಣೆಯ ಆದೇಶ ಕೈಗೆ ಬಂದ ದಿನ, ಅಲ್ಲಿಯವರೆಗೆ ಬೈದುಕೊಂಡೇ ಬದುಕಿದ್ದ ಊರು ಸ್ವರ್ಗವಾಗಿ ಕಾಣತೊಡಗುತ್ತದೆ. ಭಯ ಮಾತಾಡುವಾಗ ಅದರ ನೆನಪನ್ನೂ ಒಮ್ಮೆ ಪರೀಕ್ಷಿಸಬೇಕು.

ಆ ದೂರಿನ ದಿನಗಳಲ್ಲೂ ಇಸ್ರಾಯೇಲ್ಯರ ಪಾತ್ರೆಯಲ್ಲಿ ಮನ್ನಾ ಇತ್ತು. ಬೆಳಗಿನ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಕೊತ್ತಂಬರಿ ಬೀಜದ ಹಾಗೆ ಸಣ್ಣದಾಗಿ ಬಿದ್ದಿರುತ್ತಿದ್ದ ಆಹಾರ ಅದು. ಆರಿಸಿ ತಂದು, ಬೀಸುಕಲ್ಲಿನಲ್ಲಿ ಬೀಸಿ, ಇಲ್ಲವೇ ಒರಳಲ್ಲಿ ಕುಟ್ಟಿ, ಬೇಯಿಸಿ, ರೊಟ್ಟಿ ಮಾಡಿಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಓಮೆರ್; ನಮ್ಮ ಅಳತೆಯಲ್ಲಿ ಸುಮಾರು 2 ಲೀಟರು. ನಾಳೆಗೂ ಇರಲಿ ಎಂದು ಎತ್ತಿಟ್ಟವರ ಪಾಲು ಬೆಳಗಾಗುವಷ್ಟರಲ್ಲಿ ಹುಳುಬಿದ್ದು ನಾರುತ್ತಿತ್ತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಬಹುದಿತ್ತು, ಅದು ಕೆಡುತ್ತಿರಲಿಲ್ಲ. 40 ವರ್ಷ ಹೀಗೇ ನಡೆಯಿತು.

ಬದಲಾವಣೆಯ ಮುಂದೆ ನಿಂತವರಿಗೆ ಕ್ರೈಸ್ತ ವಿಶ್ವಾಸ ಕೊಡುವುದು ಇದನ್ನೇ ಎಂದು ನಾನು ನಂಬಿದ್ದೇನೆ. ದಾರಿ ಪೂರ್ತಿ ಕಾಣುವುದಿಲ್ಲ. ಆ ದಿನಕ್ಕೆ ಬೇಕಾದದ್ದು ಆ ದಿನ ಬರುತ್ತದೆ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ನಾವು ಬೇಡುವುದು ಅಂದಂದಿನ ಆಹಾರವನ್ನು, ವರ್ಷದ ದವಸವನ್ನಲ್ಲ. ಬರುವ ತಿಂಗಳ ಆಪರೇಷನ್ನಿಗೆ, ಬರುವ ವರ್ಷದ ನಿವೃತ್ತಿಗೆ ಬೇಕಾದ ಧೈರ್ಯವನ್ನು ಇವತ್ತು ರಾತ್ರಿಯೇ ಹುಡುಕಿದರೆ ಅದು ಸಿಗುವುದಿಲ್ಲ. ನಿದ್ದೆ ಕೆಡುತ್ತದೆ, ಅಷ್ಟೆ.

ಹೆದರಿಕೆಯಾದರೆ ನಂಬಿಕೆ ಕಮ್ಮಿ ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಅದು ಆಗಲೇ ನೊಂದವರ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ತಳಮಳಿಸಿದರು. ಸಾಧ್ಯವಾದರೆ ಆ ಕಷ್ಟದ ಪಾತ್ರೆ ತಪ್ಪಲಿ ಎಂದು ತಂದೆಯನ್ನು ಬೇಡಿಕೊಂಡರು, ಆದರೂ ತಂದೆಯ ಚಿತ್ತಕ್ಕೇ ಬಿಟ್ಟರು. ಮತ್ತಾಯನ ಸುವಾರ್ತೆಯ ಪ್ರಕಾರ ಮೂರು ಸಲ ಹೀಗೆ ಪ್ರಾರ್ಥಿಸಿದರು. ಅಷ್ಟೇ ಅಲ್ಲ, ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗಿ, ತಮ್ಮ ಜೊತೆ ಎಚ್ಚರವಾಗಿರುವಂತೆ ಕೇಳಿಕೊಂಡರು. ಆ ಮೂವರೂ ನಿದ್ದೆಹೋದರು. ಸುವಾರ್ತೆಯಲ್ಲಿ ಈ ಭಾಗ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯೇಸುಸ್ವಾಮಿ ಕೇಳಿದ್ದು ಕೇವಲ ಜೊತೆಗಿರಿ ಎಂದು.

ನಿಮ್ಮ ಮನೆಯಲ್ಲೂ ಇವತ್ತು ಹೀಗೆ ಅಂಜಿ, ಜೊತೆ ಬಯಸುವವರು ಯಾರಾದರೂ ಇರಬಹುದು. ಹಳ್ಳಿಯ ಮನೆಗೆ ಬೀಗ ಹಾಕಿ ಮಗನ ಫ್ಲ್ಯಾಟಿಗೆ ಹೊರಟಿರುವ ತಂದೆ, ಮೊದಲ ಸಲ ಹಾಸ್ಟೆಲಿಗೆ ಹೋಗಲಿರುವ ಮಗಳು. ಅವರಿಗೆ ಉಪದೇಶ ಬೇಡ. ಮೊಬೈಲು ಪಕ್ಕಕ್ಕಿಟ್ಟು ಹತ್ತು ನಿಮಿಷ ಅವರ ಹತ್ತಿರ ಕೂತು, ಯಾವುದಕ್ಕೆ ಭಯವಾಗುತ್ತಿದೆ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ಏಳಬೇಡಿ.